ಎಲೆಯಲ್ಲಿ ಉಳಿದ ಬಂಗುಡೆ

ಮಕ್ಕಳೇ, ಊರಿನವರ ಮನಸ್ಸನ್ನೆಲ್ಲ ಓದುತ್ತಿದ್ದ ನಿಮ್ಮ ಅಜ್ಜನಿಗೆ ತನ್ನ ಹೊಟ್ಟೆಯ ಹಸಿವು ಮಾತ್ರ ಗೊತ್ತಾಗುತ್ತಿರಲಿಲ್ಲ. ಹೀಗೆಂದದ್ದು ನಾನಲ್ಲ, ನನ್ನ ಅತ್ತೆ.

ಮೂಡುಬಿದಿರೆಯ ಕಾಲೇಜಿನಲ್ಲಿ ನಿಮ್ಮ ಅಜ್ಜ ಮುಂದೆ ಮಾಷ್ಟ್ರಾಗುವವರಿಗೆ ಮನಃಶಾಸ್ತ್ರ ಕಲಿಸುತ್ತಿದ್ದರು. ಮೇಲು ಕೀಳು ಎಂಬುದು ಕುರ್ಚಿಯಿಂದಲೇ ಮನಸ್ಸಿಗೆ ಇಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ಪಾಠ ಮಾಡುವಾಗ ನೆಲದ ಮೇಲೆ ಕೂರುತ್ತಿದ್ದರು. ಒಮ್ಮೆ ಪ್ರಿನ್ಸಿಪಾಲರು ಕಿಟಕಿಯಲ್ಲಿ ಇಣುಕಿದರೆ ಕುರ್ಚಿ ಖಾಲಿ.

"ಮಾಷ್ಟ್ರು ಎಲ್ಲಿ?"

"ಕೆಳಗೆ ಇದ್ದಾರೆ ಸಾರ್."

"ಬಿದ್ರಾ?"

"ಇಲ್ಲ ಸಾರ್, ಸಮಾನರಾದ್ರು."

ಬಂಟ್ವಾಳದ ಬಸ್ಸಿನಲ್ಲಿ ಒಬ್ಬ ಕೂಲಿಯವನಿಗೆ ಸೀಟು ಬಿಟ್ಟುಕೊಟ್ಟು, ಅದರ ಬೆಲೆಯೆಂಬಂತೆ ದಾರಿಯುದ್ದಕ್ಕೂ ಅವನಿಗೆ ಸಮಾನತೆಯ ಪಾಠ ಹೇಳಿದರಂತೆ. ಅವನೋ ಕೂತಲ್ಲೇ ತೂಕಡಿಸುತ್ತಿದ್ದ. "ನಿಲ್ಲಿಸ್ಬೇಡಿ ಮಾಷ್ಟ್ರೇ, ಅವ ತಲೆ ಆಡಿಸ್ತಾ ಇದ್ದಾನೆ" ಎಂದನಂತೆ ಕಂಡಕ್ಟರ್.

ಆದರೆ ಪುತ್ತಿಗೆಯ ನಮ್ಮ ಮನೆಯೊಳಗೆ ಈ ಸಮಾನತೆ ಕಾಲಿಟ್ಟಿರಲಿಲ್ಲ. ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣುವುದು ಆಗಿನ ಪದ್ಧತಿ. ನಿಮ್ಮ ಅಪ್ಪ ಆಗ ನನ್ನ ಹೊಟ್ಟೆಯಲ್ಲಿದ್ದ. ಬಸುರಿ ಹೊಟ್ಟೆ ತುಂಬ ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆಂದು ಅತ್ತೆಗೆ ಭಯ. ನನಗೆ ಒಂದೇ ಸೌಟು ಅನ್ನ, ಮೇಲೆ ಬರೀ ಸಾರು. ಹಸಿವಿನಲ್ಲಿ ಕಣ್ಣು ಕತ್ತಲಾಗುತ್ತಿತ್ತು. ಬಾಯಿಬಿಟ್ಟು ಕೇಳುವ ಜಾತಿಯವಳೇ ನಾನು?

ಒಂದು ಭಾನುವಾರ ವಿದ್ಯಾರ್ಥಿಗಳು ಊಟಕ್ಕೆ ಬಂದಿದ್ದರು. ಬಾಗಿಲ ಮರೆಯಲ್ಲಿದ್ದ ನನ್ನನ್ನು ನೋಡಿ ಒಬ್ಬ ಹುಡುಗಿ ಕೇಳಿಯೇಬಿಟ್ಟಳು. "ಅಕ್ಕ ಯಾವಾಗ ಊಟ ಮಾಡುದು ಸಾರ್?"

"ನಾನು ಎದ್ದ ಮೇಲೆ, ಇದೇ ಎಲೆಯಲ್ಲಿ."

"ಹಾಗಾದ್ರೆ ಸಮಾನತೆಗೆ ನಿಮ್ಮ ಹೊಸ್ತಿಲು ದಾಟ್ಲಿಕ್ಕೆ ಪರ್ಮಿಶನ್ ಇಲ್ವಾ ಸಾರ್?"

ಅವರ ಮುಖ ಕೆಂಪಾಯಿತು. ಮರುದಿನವೇ ಪಕ್ಕದಲ್ಲಿ ನನಗೊಂದು ಬೇರೆ ಎಲೆ ಹಾಕಿಸಿದರು. ನಾಚಿಕೆಯಿಂದ ಮುದುಡಿ ಕೂತೆ. ಅತ್ತೆ ಅವರ ಎಲೆಗೆ ಬಂಗುಡೆ ಮೀನು ಹಾಕಿದರು, ನನ್ನದಕ್ಕೆ ಒಂದು ಸೌಟು ಅನ್ನ, ಸಾರು. ಅವರು ನನ್ನ ಎಲೆಯನ್ನು ಬಹಳ ಹೊತ್ತು ನೋಡಿದರು.

ಮಾರನೆಯ ದಿನ, "ಅಮ್ಮಾ, ಹಳೆಯ ಪದ್ಧತಿಯೇ ಆಗ್ಬಹುದು" ಎಂದರು.

"ಈಗ ಬುದ್ಧಿ ಬಂತು ನೋಡು" ಎಂದು ಅತ್ತೆ ಹಿಗ್ಗಿದರು.

ಮಾಷ್ಟ್ರ ಸಮಾನತೆ ಒಂದೇ ಊಟಕ್ಕೆ ಮುಗಿಯಿತೆಂದು ಕಾಲೇಜಿಡೀ ನಕ್ಕಿತಂತೆ. ಬಸ್ಸಿನಲ್ಲೂ ಪಾಠ ಮಾಡುವ ಮನುಷ್ಯ ಅದಕ್ಕೆ ತುಟಿ ಬಿಚ್ಚಲಿಲ್ಲ.

ಅಂದಿನಿಂದಲೇ ಅವರ ಹಸಿವು ಸತ್ತದ್ದು. ಮೂರು ತುತ್ತು ಉಂಡು ಎದ್ದುಬಿಡುವರು. "ಓದಿ ಓದಿ ಇವನ ಹೊಟ್ಟೆಯೇ ಒಣಗಿತು" ಎಂದು ಅತ್ತೆಯ ಗೋಳು. ಅವರೋ ಕೈತೊಳೆದು, "ಅಮ್ಮಾ, ಇಲ್ಲಿ ಬಾ. ಸಣ್ಣವನಿರುವಾಗ ನಾನು ಎಂಥ ಹಟ ಮಾಡ್ತಿದ್ದೆ ಹೇಳು, ಪಾಠಕ್ಕೆ ಬೇಕು" ಎಂದು ಚಾವಡಿಗೆ ಕರೆಯುವರು. ಆ ವಿಷಯ ಹಿಡಿದರೆ ಅತ್ತೆ ಬೇಗ ಏಳುವವರಲ್ಲ. ಅಷ್ಟರಲ್ಲಿ ನಾನು ನಿಮ್ಮ ಅಜ್ಜನ ಎಲೆಗೆ ಕೂರುತ್ತಿದ್ದೆ. ಅನ್ನದ ರಾಶಿ ಸರಿಸಿದರೆ ಅಡಿಯಲ್ಲಿ ಬಂಗುಡೆ, ಮುಟ್ಟದೆ ಇಟ್ಟದ್ದು.

ನಿಮ್ಮ ಅಪ್ಪ ಹುಟ್ಟಿ, ನನ್ನ ಬಾಣಂತನ ಮುಗಿದ ಮೇಲೆ ಮತ್ತೆ ನನ್ನ ಎಲೆಯನ್ನು ಪಕ್ಕದಲ್ಲಿ ಹಾಕಿಸಿದರು. ಹಾಲೂಡುವವಳಿಗೆ ಅತ್ತೆ ಈಗ ಧಾರಾಳವಾಗಿ ಬಡಿಸಿದರು. ಅದನ್ನು ನೋಡಿ ನಿಮ್ಮ ಅಜ್ಜ ಉಣ್ಣತೊಡಗಿದರು. ಮತ್ತೆ ಅನ್ನ ಕೇಳಿದರು, ಮತ್ತೂ ಕೇಳಿದರು. ಅತ್ತೆ ಪಾತ್ರೆಯ ತಳ ಕೆರೆಯಬೇಕಾಯಿತು.

ಅವರಿಗೆ ಅಷ್ಟು ಹಸಿವಿತ್ತೆಂದು ನನಗೆ ಗೊತ್ತಾದದ್ದು ಆವತ್ತೇ.