ಸರ್ಕಾರವು ಗುರುವಾರ ಸಂಜೆ ಅರ್ಧ ಗಂಟೆ ಬಿದ್ದು ಕೊಡುವ ಬಗ್ಗೆ

ಇಂದ:
ಗರಗಸದ ಕೆಳಗಿನ ಹಿಡಿಯವನು,
ಹಳೇ ಮರದ ಡಿಪೋ, ಅಗೆದಿಟ್ಟ ರಸ್ತೆಯ ಎಡಗಡೆ.

ಗೆ:
ಸಮ್ಮಿಶ್ರ ಸರ್ಕಾರದವರು,
ದೊಡ್ಡ ಕಚೇರಿ.
(ಒಬ್ಬರಿಗೆ ಬಂದ ಕಾಗದವನ್ನು ಇನ್ನೊಬ್ಬರಿಗೆ ತೋರಿಸದ ರೂಢಿ ತಮ್ಮಲ್ಲಿ ಇರುವುದಾಗಿ ತಿಳಿದುಬಂದ ಕಾರಣ, ಎರಡೂ ಪಕ್ಷದವರಿಗೆ ಒಂದೊಂದು ಪ್ರತಿ.)

ವಿಷಯ: ತಾವು ಬರುವ ಗುರುವಾರ ಸಂಜೆ ನಾಲ್ಕರಿಂದ ನಾಲ್ಕೂವರೆವರೆಗೆ ಬಿದ್ದು ಕೊಡುವ ಬಗ್ಗೆ.

ಉಲ್ಲೇಖ:
೧. "ಸರ್ಕಾರ ಭದ್ರವಾಗಿದೆ" ಎಂದು ತಾವು ಮೇಲಿಂದ ಮೇಲೆ ಕೊಟ್ಟ ಹೇಳಿಕೆಗಳು.
೨. "ಇವತ್ತು ಸಂಜೆಯೊಳಗೆ ಬೀಳತ್ತೆ, ಬರೆದಿಟ್ಕೊಳ್ಳಿ" ಎಂದು ಡಿಪೋ ಎದುರಿನ ಟೀ ಅಂಗಡಿಯವನು ಮೇಲಿಂದ ಮೇಲೆ ಕೊಟ್ಟ ಹೇಳಿಕೆಗಳು.
೩. ಅರ್ಜಿದಾರನ ಅಕ್ಕ ಕಳೆದ ಭಾನುವಾರ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಾಯಿಮಾತಿನಲ್ಲಿ ಹೊರಡಿಸಿದ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ:

೧. ಅರ್ಜಿದಾರನೂ ಅವನ ಅಕ್ಕನ ಗಂಡನಾದ ಭಾವನವರೂ ಸದರಿ ಡಿಪೋದಲ್ಲಿ ದಿಮ್ಮಿ ಕೊಯ್ಯುವವರು. ಮಿಷನ್ನಿನ ಬಾಯಿಗೆ ಹಿಡಿಸದ ದೊಡ್ಡ ದಿಮ್ಮಿಗಳು ಇವತ್ತಿಗೂ ಇವರಿಬ್ಬರ ಪಾಲಿಗೇ ಬರುತ್ತವೆ. ದಿಮ್ಮಿಯನ್ನು ಗುಂಡಿಯ ಮೇಲೆ ಮಲಗಿಸಿ, ಭಾವನವರು ಅದರ ಮೇಲೆ ಹತ್ತಿ ನಿಂತು ಮೇಲಿನ ಹಿಡಿ ಹಿಡಿಯುತ್ತಾರೆ. ಅರ್ಜಿದಾರನು ಗುಂಡಿಗಿಳಿದು ಕೆಳಗಿನ ಹಿಡಿ ಹಿಡಿಯುತ್ತಾನೆ. ಕೊಯ್ಯಬೇಕಾದ ಗೆರೆ ಕಾಣುವುದು ಮೇಲಿನವರಿಗೆ, ಹೊಟ್ಟು ಉದುರುವುದು ಕೆಳಗಿನವನ ಮುಖಕ್ಕೆ. (ಈ ಏರ್ಪಾಟು ತಮಗೆ ಹೊಸದಲ್ಲ.) ಕಾರಣ, ಅರ್ಜಿದಾರನು ಕಣ್ಣು ಮುಚ್ಚಿಕೊಂಡೇ ಎಳೆಯಬೇಕು. ಆದ್ದರಿಂದ ಮೀಸೆ ಕಪ್ಪಗಿದ್ದ ಕಾಲದಿಂದ ಅವನು ಭಾವನವರನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. "ಎಳಿ", "ತಡಿ", "ಗೆರೆ ಬಿಡ್ತಾ ಇದೆ ಕಣೋ, ಅಲ್ಲೇ ಚಾಪೆ ಹಾಸಿ ಕೊಡ್ಲಾ?" ಎಲ್ಲವೂ ಮೇಲಿನಿಂದ ಬರಬೇಕು. ಅಕ್ಕನಿಗೆ ಮಗಳು ಹುಟ್ಟಿದ ಸುದ್ದಿ, ತಾಯಿ ಹೋದ ಸುದ್ದಿ, ಎರಡನ್ನೂ ಅರ್ಜಿದಾರನು ಕೇಳಿದ್ದು ಗುಂಡಿಯೊಳಗೆ ನಿಂತು, ಅದೇ ದನಿಯಲ್ಲಿ.

೨. ಕಳೆದ ಚುನಾವಣೆಯಲ್ಲಿ ಅರ್ಜಿದಾರನು ಬಕೆಟ್ಟಿನ ಗುರುತಿನ ಪಕ್ಷದವನು, ಭಾವನವರು ಕತ್ತರಿ ಗುರುತಿನ ಪಕ್ಷದವರು. ಆಗ ತಮ್ಮಲ್ಲಿ ಒಬ್ಬರು ಇನ್ನೊಬ್ಬರನ್ನು ಕಳ್ಳ ಎಂದಿದ್ದೂ, ಆ ಇನ್ನೊಬ್ಬರು ಮೊದಲಿನವರನ್ನು ಮಹಾಕಳ್ಳ ಎಂದಿದ್ದೂ ತಮಗೆ ನೆನಪಿರಬಹುದು. ತಾವು ಹೇಳಿದ್ದನ್ನು ಇವರಿಬ್ಬರೂ ಪೂರ್ತಿಯಾಗಿ ನಂಬಿ, ಇಡೀ ಡಿಪೋ ಕೇಳುವಂತೆ ತಮ್ಮ ಪರವಾಗಿ ಬೈದಾಡಿಕೊಂಡರು. ಆದರೆ ಯಾರಿಗೂ ಬಹುಮತ ಬರಲಿಲ್ಲ. ಒಂದು ಬೆಳಿಗ್ಗೆ ಟೀ ಅಂಗಡಿಯ ಟಿವಿಯಲ್ಲಿ ನೋಡಿದರೆ ತಾವಿಬ್ಬರೂ ಒಂದೇ ಸೋಫಾದಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು ಒಂದೇ ತಟ್ಟೆಯಿಂದ ಬಿಸ್ಕತ್ತು ತಿನ್ನುತ್ತಿದ್ದೀರಿ.

"ನೋಡ್ದಾ, ನಿಮ್ಮವನೇ ನಮ್ಮವನ ಕಾಲಿಗೆ ಬಿದ್ದದ್ದು" ಎಂದರು ಭಾವನವರು.

"ಭಾವ, ಸರಿಯಾಗಿ ನೋಡಿ. ಬಾಗಿಲು ತಟ್ಟಿದ್ದು ನಿಮ್ಮವನು. ಬಿಸ್ಕತ್ತು ನಮ್ಮವನ ಮನೇದು."

"ನಿಮ್ಮವನ ಮನೆ ಬಿಸ್ಕತ್ತನ್ನ ನಾಯಿ ಮೂಸಲ್ಲ."

"ಮೂಸ್ತಾ ಇದೆಯಲ್ಲ, ಟಿವಿಲಿ ಕಾಣ್ತಿದೆ."

ಈ ಮಾತು ಸ್ವಲ್ಪ ಹೆಚ್ಚಾಯಿತು ಎಂಬುದನ್ನು ಅರ್ಜಿದಾರನು ಅಲ್ಲಗಳೆಯುವುದಿಲ್ಲ. ಭಾವನವರು ಎದ್ದು ಡಿಪೋಗೆ ಹೋಗಿ, ಅನ್ನ ಕೊಡುವ ಗರಗಸದ ಮೇಲೆ ಅಂಗೈ ಇಟ್ಟರು. "ಈ ಸರ್ಕಾರ ಬೀಳೋವರೆಗೂ ನಿನ್ನ ಹತ್ರ ಒಂದು ಮಾತಾಡಿದ್ರೆ ಕೇಳು." ಅರ್ಜಿದಾರನೂ ಹಿಂದೆಯೇ ಹೋಗಿ ಇನ್ನೊಂದು ತುದಿಯಲ್ಲಿ ಕೈಯಿಟ್ಟು, "ನಾನೂ ಅಷ್ಟೇ" ಎಂದನು. ಡಿಪೋ ಸಾಹುಕಾರರು, ಮರದ ಲಾರಿಯ ಡ್ರೈವರು, ಟೀ ಅಂಗಡಿಯವನು ಇದಕ್ಕೆ ಸಾಕ್ಷಿ.

೩. ಇಲ್ಲಿ ಒಂದು ಲೆಕ್ಕ ತಪ್ಪಿತು. ಈ ಸರ್ಕಾರಕ್ಕೆ ಹದಿನೈದು ದಿನ ಆಯಸ್ಸು ಎಂದು ಆ ದಿನದ ಪತ್ರಿಕೆ ಬರೆದಿತ್ತು. ಹದಿನೈದು ದಿನ ಮಾತು ಬಿಟ್ಟರೆ ಏನು ಮಹಾ ಎಂದು ಇಬ್ಬರೂ ಒಳಗೊಳಗೇ ಅಂದುಕೊಂಡಿದ್ದರು. ಆದರೆ ತಾವು ಬೀಳಲಿಲ್ಲ. ವರ್ಷ ತುಂಬಿ ಎರಡನೆಯದೂ ನಡೆಯುತ್ತಿದೆ. ಬಿಸ್ಕತ್ತು ತಿಂದವರು ಒಂದಾಗಿದ್ದಾರೆ; ಬಿಸ್ಕತ್ತಿಗಾಗಿ ಜಗಳವಾಡಿದವರು ಇನ್ನೂ ಒಂದಾಗಿಲ್ಲ.

೪. ತಾವು ಬೀಳುವ ಪ್ರಯತ್ನವನ್ನೇ ಮಾಡಲಿಲ್ಲ ಎಂದು ಅರ್ಜಿದಾರನು ದೂರುವುದಿಲ್ಲ. ಕತ್ತರಿಯ ಕಡೆಯ ಕೆಲವರು ಮುನಿಸಿಕೊಂಡು ಸಮುದ್ರದ ಪಕ್ಕದ ಹೋಟೆಲು ಸೇರಿದಾಗ ಎಲ್ಲರಿಗೂ ಭರವಸೆ ಮೂಡಿತ್ತು. ಅಂದು ಅಕ್ಕ ಅಡುಗೆಮನೆಯಲ್ಲಿ ಎರಡು ಲೋಟ ಜೋಡಿಸಿಟ್ಟು, ಟೀಗೆ ನೀರಿಟ್ಟು, ಅರ್ಜಿದಾರನನ್ನು ಹೊರಗಿನ ಕೋಣೆಯಲ್ಲೂ ಭಾವನವರನ್ನು ಒಳಗಿನ ಕೋಣೆಯಲ್ಲೂ ಕೂರಿಸಿದ್ದಳು. ಸಂಜೆಯ ವಾರ್ತೆಯಲ್ಲಿ ಆ ಮಹನೀಯರು ಬಿಸಿಲಿಗೆ ಕಂದಿದ ಮುಖ ಹೊತ್ತು ವಾಪಸು ಬಂದು, ಗಾಳಿ ಸೇವನೆಗೆ ಮಾತ್ರ ಹೋಗಿದ್ದಾಗಿ ಹೇಳಿದರು. ಅಕ್ಕ ಒಲೆ ಆರಿಸಿದಳು. ಇನ್ನೊಮ್ಮೆ ಬಕೆಟ್ಟಿನ ಮಂತ್ರಿಯೊಬ್ಬರು ರಾಜೀನಾಮೆ ಬರೆದರು; ಅದನ್ನು ಕೊಡಲು ಹೋಗುವ ದಾರಿಯಲ್ಲೇ ಅವರಿಗೆ ದೊಡ್ಡ ಖಾತೆ ಸಿಕ್ಕಿತು. ಹೀಗೆ ಆಸೆ ತೋರಿಸಿ ಕೈಬಿಟ್ಟದ್ದರಿಂದ ಅಕ್ಕನ ಮನೆಯಲ್ಲಿ ಟೀಪುಡಿ ಬಹಳ ನಷ್ಟವಾಗಿದೆ.

ಈ ನಡುವೆ ಕೆಲಸ ನಿಲ್ಲಿಸುವಂತಿರಲಿಲ್ಲ. ಆದ್ದರಿಂದ ಭಾವನವರು ದಿಮ್ಮಿಯ ಮೇಲೆ ಹಿಮ್ಮಡಿಯಿಂದ ತುಳಿದು ತಿಳಿಸತೊಡಗಿದರು. ಒಮ್ಮೆ ತುಳಿದರೆ ತಡಿ, ಎರಡು ಸಲ ತುಳಿದರೆ ಎಳಿ. ಮೂರು ಸಲ ತುಳಿದರೆ ಬೈಗುಳ ಎಂದು ಅರ್ಜಿದಾರನು ಊಹಿಸಿಕೊಂಡಿದ್ದಾನೆ. ಹಲಗೆಗಳು ನೇರವಾಗಿಯೇ ಬರುತ್ತಿದ್ದವು. ಸಾಹುಕಾರರಂತೂ, "ಈಗ ಕೆಲಸ ಬೇಗ ಆಗ್ತಿದೆ, ಹೀಗೇ ಇರಿ ಇಬ್ಬರೂ" ಎಂದರು. ಅರ್ಜಿದಾರನಿಗೆ ಮಾತ್ರ ಗುಂಡಿ ಮೊದಲಿಗಿಂತ ಆಳವಾದಂತೆ ಅನಿಸುತ್ತಿತ್ತು.

೫. ತಮ್ಮ ಆಡಳಿತದ ಬಗ್ಗೆ ಈ ಅರ್ಜಿಯಲ್ಲಿ ಯಾವ ದೂರೂ ಇಲ್ಲ. ಮಾಹಿತಿಗಾಗಿ ಮಾತ್ರ: ಡಿಪೋ ಮುಂದಿನ ರಸ್ತೆಯನ್ನು ಬಕೆಟ್ಟಿನ ಇಲಾಖೆಯವರು ಪೈಪು ಹಾಕಲು ಅಗೆಯುತ್ತಾರೆ, ಪೈಪು ಬರುವ ಮೊದಲೇ ಕತ್ತರಿಯ ಇಲಾಖೆಯವರು ಬಂದು ಮುಚ್ಚುತ್ತಾರೆ. ಮತ್ತೆ ಅವರು ಅಗೆಯುತ್ತಾರೆ. ಇಬ್ಬರೂ ತಂತಮ್ಮ ಕೆಲಸ ಮುಗಿದಿದೆ ಎಂದು ಬೋರ್ಡು ನೆಟ್ಟಿದ್ದಾರೆ. ನಲ್ಲಿಯ ಹತ್ತಿರ ಹೆಂಗಸರು ತಮ್ಮಿಬ್ಬರನ್ನು ಯಾವ ಭೇದವೂ ಇಲ್ಲದೆ ಒಟ್ಟಿಗೇ ಬೈಯುತ್ತಾರೆ. ಅಷ್ಟರ ಮಟ್ಟಿಗೆ ಹೊಂದಾಣಿಕೆ ಸಾಧಿಸಿದ್ದೀರಿ. "ಯಾವಾಗ ಬೀಳತ್ತೋ" ಎಂಬುದು ಈಗ ನಮ್ಮ ಬೀದಿಯಲ್ಲಿ ಎದುರು ಸಿಕ್ಕವರು ಆಡುವ ಮೊದಲ ಮಾತು. ಆ ಮಾತನ್ನೂ ಆಡಲಾಗದವರು ಬೀದಿಯಲ್ಲಿ ಇಬ್ಬರೇ.

೬. ಕಳೆದ ತಿಂಗಳು ಅಕ್ಕ ಭಾವನವರನ್ನು ಆಸ್ಪತ್ರೆಗೆ ಕರೆದೊಯ್ದಳು. ಗಂಟಲಲ್ಲಿ ಗಂಟು ಎಂದರು. ದನಿ ಒಡೆದು ಎಷ್ಟೋ ದಿನ ಆಗಿರಬೇಕು, ಮೊದಲೇ ಯಾರ ಗಮನಕ್ಕೂ ಬರಲಿಲ್ಲವಾ ಎಂದು ಡಾಕ್ಟರಮ್ಮ ಕೇಳಿದರಂತೆ. ಭಾವನವರು ಮನೆಯಲ್ಲಿ ಮೊದಲಿನಿಂದಲೂ ಮಿತಭಾಷಿ. ಅವರ ಮಾತೆಲ್ಲ ಖರ್ಚಾಗುತ್ತಿದ್ದದ್ದು ದಿಮ್ಮಿಯ ಮೇಲೆ ನಿಂತಾಗ. ಅಲ್ಲಿ ಕೇಳುವ ಕಿವಿ ಒಂದಿತ್ತು. ಇದರ ಬಗ್ಗೆ ಅರ್ಜಿದಾರನು ಹೆಚ್ಚು ಬರೆಯಲು ಇಚ್ಛಿಸುವುದಿಲ್ಲ.

ಗಂಟನ್ನು ಬರುವ ಶುಕ್ರವಾರ ಬೆಳಿಗ್ಗೆ ತೆಗೆಯುತ್ತಾರೆ. "ಜೀವಕ್ಕೇನೂ ಭಯ ಇಲ್ಲ. ಆದ್ರೆ ದನಿ ಉಳಿಯತ್ತೆ ಅಂತ ನಾನು ಮಾತು ಕೊಡಲಾರೆ" ಎಂದಿದ್ದಾರೆ ಡಾಕ್ಟರಮ್ಮ.

೭. ಭಾನುವಾರ ಅರ್ಜಿದಾರನು ಆಸ್ಪತ್ರೆಗೆ ಹೋಗಿದ್ದನು. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತನು. ಭಾವನವರು ಫ್ಯಾನು ನೋಡಿದರು, ಅರ್ಜಿದಾರನು ಔಷಧಿ ಬಾಟಲು ನೋಡಿದನು. ಪಕ್ಕದ ಮಂಚದವರು, "ಇವರಿಗೆ ಕಿವಿ ಆಪರೇಷನ್ನಾ, ಗಂಟಲಿನದಾ?" ಎಂದು ಅಕ್ಕನನ್ನು ಕೇಳಿದರು. ಭೇಟಿಯ ಹೊತ್ತು ಮುಗಿದ ಮೇಲೆ ಅಕ್ಕ ಮೆಟ್ಟಿಲವರೆಗೆ ಬಂದಳು.

"ಏನೋ, ಬಂದ ಹಾಗೇ ಹೊರಟೆಯಲ್ಲ."

"ಅವರು ಮೊದಲು ಮಾತಾಡಲಿ ಅಕ್ಕ. ದೊಡ್ಡವರು."

"ಒಳಗೆ ಅವ್ರೂ ಅದನ್ನೇ ಹೇಳ್ತಾರೆ. ಅವನು ಮೊದಲು ಮಾತಾಡಲಿ, ಚಿಕ್ಕವನು ಅಂತ. ಇಬ್ಬರಿಗೂ ಸೇರಿ ಒಂದು ನಾಲಿಗೆ ಆಗಿ ಓಡಾಡಿ ಓಡಾಡಿ ನನಗೆ ಸಾಕಾಗಿದೆ. ಗುರುವಾರದೊಳಗೆ ಮಾತಾಡ್ತೀಯೋ, ಇಲ್ಲ ಆ ಸರ್ಕಾರನ ನೀನೇ ಹೋಗಿ ಬೀಳಿಸಿ ಬರ್ತೀಯೋ, ನನಗೆ ಗೊತ್ತಿಲ್ಲ."

೮. ಅಕ್ಕನ ಆದೇಶದಲ್ಲಿ ಎರಡು ದಾರಿಗಳಿವೆ. ಮೊದಲನೆಯದನ್ನು ಅರ್ಜಿದಾರನು ಪ್ರಯತ್ನಿಸಿದ್ದಾನೆ. ವಾರ್ಡಿನ ಬಾಗಿಲವರೆಗೂ ಹೋದನು, "ಭಾ" ಎಂಬುದು ಬಂತು, "ವ" ಬರಲಿಲ್ಲ. ಅಂದು ಕೈಯಿಟ್ಟ ಗರಗಸದ ತಂಪು ಇನ್ನೂ ಅಂಗೈಯಲ್ಲೇ ಇದ್ದಂತಿತ್ತು. ಕಾರಣ, ಎರಡನೆಯ ದಾರಿಯೇ ಸುಲಭವೆಂದು ಕಂಡುಬಂದುದರಿಂದ ಈ ಅರ್ಜಿ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ಗುರುವಾರ ಸಂಜೆ ಆಸ್ಪತ್ರೆಗೆ ಹೊರಗಿನವರನ್ನು ಬಿಡುವ ನಾಲ್ಕು ಗಂಟೆಗೆ ಸರಿಯಾಗಿ ತಾವು ಬೀಳಬೇಕು. ನಾಲ್ಕೂವರೆಗೆ ಮತ್ತೆ ಎದ್ದು ನಿಲ್ಲುವುದಕ್ಕೆ ಅರ್ಜಿದಾರನ ಕಡೆಯಿಂದ ಯಾವ ತಕರಾರೂ ಇರುವುದಿಲ್ಲ. ಕುರ್ಚಿಗಳನ್ನು ಖಾಲಿ ಮಾಡಬೇಕಾಗಿಲ್ಲ. ಕೂತಲ್ಲೇ ಬಿದ್ದರೂ ಸಾಕು. ಯಾರು ಯಾರನ್ನು ಬೀಳಿಸಿದರು ಎಂಬುದನ್ನು ತಾವೇ ಮಾತಾಡಿ ತೀರ್ಮಾನಿಸಿಕೊಳ್ಳಬಹುದು. ಅದಕ್ಕಾಗಿ ಇನ್ನು ಮುಂದೆ ಡಿಪೋದಲ್ಲಿ ಯಾರೂ ಜಗಳವಾಡುವುದಿಲ್ಲ.

ಅಷ್ಟೂ ಆಗದಿದ್ದ ಪಕ್ಷದಲ್ಲಿ, "ಗಂಡಸರ ವಾರ್ಡಿನ ಕಿಟಕಿ ಪಕ್ಕದ ಮಂಚದ ಮಟ್ಟಿಗೆ ಸರ್ಕಾರ ಬಿದ್ದಿದೆ ಎಂದು ತಿಳಿಯತಕ್ಕದ್ದು" ಎಂಬ ಒಂದು ಸಾಲಿನ ಆದೇಶವನ್ನಾದರೂ ಮೊಹರು ಹಾಕಿ ಕೊಡಿಸಬೇಕಾಗಿ ಕೋರಿಕೆ.

ತಮ್ಮ ಮೇಲೆ ಇನ್ನೂ ಉಳಿದಿರುವಷ್ಟು ವಿಶ್ವಾಸದೊಂದಿಗೆ,
(ಸಹಿ)
ಗರಗಸದ ಕೆಳಗಿನ ಹಿಡಿಯವನು

ಲಗತ್ತುಗಳು:
೧. ಆಸ್ಪತ್ರೆಯ ಚೀಟಿಯ ನಕಲು.
೨. ಹದಿನೈದು ದಿನ ಎಂದು ಬರೆದ ಪತ್ರಿಕೆಯ ಹಾಳೆ (ವಾಪಸು ಬೇಕಾಗಿಲ್ಲ).
೩. ಸಾಕ್ಷಿಗಳ ಹೆಬ್ಬೆಟ್ಟು. ಲಾರಿ ಡ್ರೈವರು ದೂರದ ಬಾಡಿಗೆಗೆ ಹೋಗಿರುವುದರಿಂದ ಅವರದು ಇಲ್ಲ.

ಹೆಚ್ಚುವರಿ ಸೇರ್ಪಡೆ:

ಈ ಅರ್ಜಿಯನ್ನು ಟೈಪು ಮಾಡಿಕೊಟ್ಟವರು, "ಅಜ್ಜಾ, ಮಾತು ಬಿಟ್ಟವರು ಇಬ್ಬರು ತಾನೇ? ಎರಡು ಸಹಿ ಇಲ್ಲದಿದ್ರೆ ಇದನ್ನ ಮೇಲಕ್ಕೇ ತಗೊಳ್ಳಲ್ಲ" ಎಂದ ಕಾರಣ, ಅರ್ಜಿದಾರನು ಮಂಗಳವಾರ ಸದರಿ ಕಾಗದವನ್ನು ವಾರ್ಡಿಗೆ ತೆಗೆದುಕೊಂಡು ಹೋಗಿ, ಏನೂ ಹೇಳದೆ ಭಾವನವರ ಹೊದಿಕೆಯ ಮೇಲೆ ಇಟ್ಟನು. ಅವರು ಕನ್ನಡಕ ಹಾಕಿಕೊಂಡು ತುಟಿ ಅಲ್ಲಾಡಿಸುತ್ತ ಓದಿದರು. ಮಹಾಕಳ್ಳ ಎಂಬಲ್ಲಿ ನಕ್ಕು ಕೆಮ್ಮಿದರು. ಆರನೆಯ ಕಲಮನ್ನು ಎರಡು ಸಲ ಓದಿದರು. ಆಮೇಲೆ ಒಂದು ಒಡಕು ದನಿ ಕೇಳಿಸಿತು.

"ಅರ್ಧ ಗಂಟೇಲಿ ಏನಾಗತ್ತೆ? ಒಂದು ಗಂಟೆ ಅಂತ ಹಾಕು."

ಲೋಟ ತೊಳೆಯುತ್ತಿದ್ದ ಅಕ್ಕ ಹಾಗೇ ತಿರುಗಿದಳು. "ಮಾತಾಡಿದ್ರಲ್ಲ."

"ನಾನೆಲ್ಲಿ ಅವನ ಹತ್ರ ಮಾತಾಡಿದೆ? ಅರ್ಜಿ ಹತ್ರ ಮಾತಾಡಿದೆ."

ಅರ್ಜಿದಾರನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡನು. ನಂತರ ಅವನೂ ಕಾಗದದ ಕಡೆಗೇ ಬಾಗಿದನು. "ಅರ್ಜಿಯಪ್ಪಾ, ಒಂದು ಗಂಟೆ ಜಾಸ್ತಿ ಆಯ್ತು ಅಂತ ಹೇಳು ಅವರಿಗೆ. ಸರ್ಕಾರಕ್ಕೂ ಬೇರೆ ಕೆಲಸ ಇರತ್ತೆ."

"ಯಾವ ಕೆಲಸ ಅಂತ ಕೇಳು ಅರ್ಜಿ. ಕೆಲಸ ಮಾಡಿದ್ದಿದ್ರೆ ಬಕೆಟ್ಟಿನವರಿಗೆ ಮುಂದಿನ ಸಲ ಠೇವಣಿ ಕಳ್ಕೊಳ್ಳೋ ಗತಿ ಬರ್ತಿರಲಿಲ್ಲ."

"ಅದಕ್ಕೂ ಮೊದಲು ಕತ್ತರಿ ತುಕ್ಕು ಹಿಡಿಯತ್ತೆ ಅಂತ ತಿಳಿಸಪ್ಪಾ."

"ಈ ಅರ್ಜಿಗೆ ಬುದ್ಧಿ ಇಲ್ಲ ಕಣೇ" ಎಂದು ಭಾವನವರು ಅಕ್ಕನಿಗೆ ಹೇಳಿದರು. "ಎಷ್ಟು ಬಡಕಲಾಗಿದೆ ನೋಡು. ಸರಿಯಾಗಿ ಊಟ ಮಾಡ್ತಿದೆಯಾ ಅಂತ ವಿಚಾರಿಸು."

"ಮಾಡ್ತಿಲ್ಲ" ಎಂದನು ಅರ್ಜಿದಾರನು, ಕಾಗದಕ್ಕೆ.

ನರ್ಸಮ್ಮ ಬಂದು ಹೊತ್ತಾಯಿತು ಎಂದು ಎಬ್ಬಿಸುವವರೆಗೂ ಇದು ನಡೆಯಿತು. ಎಬ್ಬಿಸಿದ ಮೇಲೆ ಕಾಗದವನ್ನು ಮಡಚಿ ತೆಗೆದುಕೊಳ್ಳಲು ಹೋದರೆ ಭಾವನವರು ಅದರ ಮೇಲೆ ಕೈಯಿಟ್ಟರು. "ಇದು ಇಲ್ಲೇ ಇರಲಿ. ಇನ್ನೂ ಬಹಳ ಹೇಳೋದಿದೆ ಇದಕ್ಕೆ. ನಾಳೆ ಬೇಗ ಬರಬೇಕು ಇದು." ಇಲ್ಲೇ ಇರುವುದು ನಾಳೆ ಬೇಗ ಬರುವುದು ಹೇಗೆ ಎಂದು ಅರ್ಜಿದಾರನು ಕೇಳಲಿಲ್ಲ.

ಆದ್ದರಿಂದ, ಸದರಿ ಅರ್ಜಿಯು ಗುರುವಾರ ಹೊತ್ತು ಮುಗಿಯುವವರೆಗೂ ವಾರ್ಡಿನಲ್ಲೇ ಬೇಕಾಗಿರುವ ಕಾರಣ, ಅದನ್ನು ಸದ್ಯಕ್ಕೆ ತಮಗೆ ಕಳುಹಿಸಲು ಸಾಧ್ಯವಾಗುತ್ತಿಲ್ಲ. ಶುಕ್ರವಾರ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಮಾಡಲು ಬೇರೆ ಕೆಲಸವಿರುವುದಿಲ್ಲವಾದ್ದರಿಂದ, ಅರ್ಧ ಗಂಟೆ ಎಂಬುದನ್ನು ಹೊಡೆದು ಒಂದು ಗಂಟೆ ಎಂದು ತಿದ್ದಿ ಟಪಾಲಿಗೆ ಹಾಕಲಾಗುವುದು. ಅದು ಕೈಸೇರುವ ತನಕ, ಇಲ್ಲಿ ಮಾತು ನಡೆಯುತ್ತಿರುವುದರಿಂದ, ತಾವು ದಯಮಾಡಿ ನಡುವೆ ಬೀಳಬಾರದಾಗಿ ವಿನಂತಿ.