ಇಳಿಯೋರು ಇಳೀರಿ

ಮಾಸೂರಿನ ಫಕ್ಕೀರಪ್ಪ ಸರ್ಕಾರಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರಾಗಿ ದುಡಿದು ನಿವೃತ್ತನಾದವನು. ನಾಲ್ಕು ದಿನದಿಂದ ಸಣ್ಣ ಕೆಮ್ಮು, ಜ್ವರವೇನೂ ಇರಲಿಲ್ಲ. ಆ ಮುಂಜಾನೆ ಸೊಸೆ ಪೂಜಾ ಚಹಾ ತಂದಾಗ ಖಾಲಿ ಮೂಲೆಯತ್ತ ನೋಡುತ್ತ, "ಅವ್ರಿಗೂ ಒಂದು ಕಪ್ ಕೊಡವಾ. ಆಗ್ಲಿಂದ ನಿಂತಾರ" ಎಂದ.

ಪೂಜಾ ಚಹಾ ಅಲ್ಲೇ ಇಟ್ಟು, ಹೊರಗೋಡಿ ಕೂಗಿದಳು.

ಬಾಜೂ ಮನೆಯ ಸಾವಂತ್ರವ್ವ ಓಡಿ ಬಂದಳು. ಅವಳ ಹಿಂದೆ ಅರ್ಧ ಓಣಿ. "ಹೊತ್ತು ಮುಳುಗಿದ ಮ್ಯಾಲ ಕೆರಿ ದಂಡಿಗೆ ಹೋಗಬ್ಯಾಡ ಅಂದಿದ್ದೆ" ಎನ್ನುತ್ತ ಕಿಟಕಿ ಮುಚ್ಚಿ ಮೆಣಸಿನಕಾಯಿ ಹೊಗೆ ಹಾಕಿದಳು. ಹೊಗೆಯಲ್ಲಿ ಫಕ್ಕೀರಪ್ಪನ ಉಸಿರು ತೂತುಬಿದ್ದ ಟ್ಯೂಬಿನಂತೆ ಸುಂಯ್ಗುಟ್ಟಿತು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

"ಯಾರು ನೀನು? ಏನ್ ಬೇಕು ನಿನಗ?" ಸಾವಂತ್ರವ್ವ ಕೇಳಿದಳು.

ಮುಚ್ಚಿದ ಕಣ್ಣಿನಲ್ಲೇ, ತಣ್ಣಗಿನ ದನಿಯಲ್ಲಿ ಉತ್ತರ ಬಂತು. "ಇಳಿಯೋರು ಇಳೀರಿ."

ಅಷ್ಟು ಹೊಗೆಯಲ್ಲೂ ಯಾರಿಗೂ ಕೆಮ್ಮುವ ಧೈರ್ಯವಾಗಲಿಲ್ಲ. ಫಕ್ಕೀರಪ್ಪನ ಬೆರಳು ಮೆಲ್ಲಗೆ ಎದ್ದು, ಒಬ್ಬೊಬ್ಬರ ಮುಖ ದಾಟಿ, ಸಾವಂತ್ರವ್ವನ ಎದುರು ನಿಂತಿತು. "ನಿಮ್ಮ ಸ್ಟಾಪ್ ಬಂತ್ರಿ."

ಸಾವಂತ್ರವ್ವ ಅಲ್ಲೇ ಕುಸಿದಳು. ಕಿರಾಣಿ ಅಂಗಡಿಯ ಕೊಟ್ರೇಶ ಸದ್ದಿಲ್ಲದೆ ಬಾಗಿಲತ್ತ ಸರಿದ. "ನಿಮ್ದು ಮುಂದಿನ ಸ್ಟಾಪ್" ಎಂಬ ಮಾತು ಅವನ ಬೆನ್ನಿಗೆ ಬಿತ್ತು.

ಪೂಜಾ ಫೋನ್ ಮಾಡಿದ್ದರಿಂದ ನರ್ಸ್ ಶೈಲಾ ಬಂದಳು. ಮೊದಲು ಕಿಟಕಿ ತೆರೆದಳು. ಬೆರಳಿಗೆ ಪುಟ್ಟ ಯಂತ್ರ ಸಿಕ್ಕಿಸಿದರೆ ಆಕ್ಸಿಜನ್ ಎಂಬತ್ತನಾಲ್ಕು. ಗಡಿಯಾರ ನೋಡಿ ಎಣಿಸಿದರೆ ಉಸಿರು ನಿಮಿಷಕ್ಕೆ ಮೂವತ್ತನಾಲ್ಕು.

"ಇದು ದೆವ್ವ ಅಲ್ಲ, ನ್ಯುಮೋನಿಯಾ ಇದ್ದಂಗೈತಿ. ವಯಸ್ಸಾದೋರಿಗೆ ಒಮ್ಮೊಮ್ಮೆ ಜ್ವರಾನ ಬರಂಗಿಲ್ಲ, ಹಿಂಗ ಬಡಬಡಸ್ತಾರ. ಲಗೂನ ಗಾಡಿ ಕರೀರಿ."

ಹಿರೇಕೆರೂರಿನ ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಬಲ ಪುಪ್ಪುಸದ ಕೆಳಭಾಗ ಹಿಂಜಿದ ಅರಳೆಯಂತೆ ಬೆಳ್ಳಗಿತ್ತು. ಮೂಗಿಗೆ ಆಕ್ಸಿಜನ್, ನರಕ್ಕೆ ಆ್ಯಂಟಿಬಯಾಟಿಕ್. ತಾನು ಬಸ್ಸಿನಲ್ಲಿಲ್ಲ ಎಂಬುದು ಫಕ್ಕೀರಪ್ಪನಿಗೆ ಮೂರನೇ ದಿನ ತಿಳಿಯಿತು.

ವಾರದ ಮೇಲೆ ಮನೆಗೆ ಬಂದರೆ ಅಂಗಳದ ತುಂಬ ಜನ. ಸಾವಂತ್ರವ್ವ ಮುಂದೆ ಬಂದು ಕೈ ಮುಗಿದಳು. "ನನ್ನ ಸ್ಟಾಪ್ ಇವತ್ತೋ ನಾಳೆನೋ, ಖರೇ ಹೇಳಿಬಿಡಪ್ಪ. ಕೊರಳಾನ ಬಂಗಾರದ ಬೋರಮಾಳ ಸೈತ ತಂಗಿಗೆ ಕೊಟ್ಟು ಕುಂತೇನಿ."

"ನನಗೇನ್ ಗೊತ್ತವ್ವ? ಅದು ರೋಗ ಮಾತಾಡಿದ್ದು."

"ಹೇಳಬಾರ್ದಂತ ಅಪ್ಪಣಿ ಆಗಿರಬೇಕು" ಎಂದು ಕೊಟ್ರೇಶ ಪಿಸುಗುಟ್ಟಿದ. ಜನ ಎರಡು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ತಪಾಸಣೆಗೆ ಬಂದ ಶೈಲಾಳನ್ನು ಕಂಡು ಫಕ್ಕೀರಪ್ಪನಿಗೆ ಜೀವ ಬಂದಂತಾಯಿತು. "ಸಿಸ್ಟರ್, ನೀವರ ಇವ್ರಿಗೆ ತಿಳಿಸಿ ಹೇಳ್ರಿ."

ಶೈಲಾ ಚೆನ್ನಾಗಿಯೇ ಹೇಳಿದಳು. "ಆಕ್ಸಿಜನ್ ಕಡಿಮಿ ಆದ್ರ ಯಾರರ ಹಂಗ ಮಾತಾಡ್ತಾರ. ಬೀಡಿ ಬಿಡ್ರಿ, ಮೆಣಸಿನಕಾಯಿ ಹೊಗಿ ಬಿಡ್ರಿ. ಅರವತ್ತು ದಾಟಿದೋರು ಡಾಕ್ಟರನ್ನ ಕೇಳಿ ಲಸಿಕಿ ಹಾಕಿಸ್ಕೊರಿ. ಕೆಮ್ಮಿನ ಜೋಡಿ ದಮ್ಮು ಬಂದ್ರ ದವಾಖಾನಿಗೆ ಬರ್ರಿ."

ಜನ ತಲೆ ತಗ್ಗಿಸಿಕೊಂಡು ಚದುರಿದರು. ಫಕ್ಕೀರಪ್ಪ ನಿರಾಳವಾಗಿ ಬೆರಳು ಚಾಚಿದ.

"ತೊಂಬತ್ತೇಳು. ಭಾಳ ಛಲೋ. ಗುಳಿಗಿ ಪೂರಾ ಮುಗಸ್ರಿ" ಎಂದು ಶೈಲಾ ಚೀಲ ಹೆಗಲಿಗೇರಿಸಿ ಹೊರಟಳು. ಹೊಸ್ತಿಲಲ್ಲಿ ನಿಂತಳು. ಹೊರಗೆ ಯಾರೂ ಇಲ್ಲವೆಂದು ಇಣುಕಿ ನೋಡಿ, ಬಾಗಿಲು ಮುಂದೆ ಮಾಡಿ, ತಿರುಗಿ ಬಂದಳು.

"ಯಜಮಾನ್ರ," ದನಿ ತಗ್ಗಿಸಿದಳು, "ಸುಮ್ನ ಕೇಳಾಕತ್ತೇನಿ ಅಷ್ಟ. ನನ್ನ ಸ್ಟಾಪ್ ಇನ್ನೂ ದೂರ ಐತಿ, ಅಲ್ಲೇನ್ರಿ?"