ನಿಮ್ಮ ತಾತನ ಎಡಗಾಲು

ನಿಮ್ಮ ತಾತನ ಬುದ್ಧಿಯೆಲ್ಲ ಇದ್ದದ್ದು ಎಡಗಾಲಿನಲ್ಲಿ. ಹಾಗಾದರೆ ತಲೆಯಲ್ಲಿ ಏನಿತ್ತಜ್ಜಿ ಎಂದು ಕೇಳಬೇಡಿ. ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳದವಳು ನಾನು, ಅವರ ತಲೆಯ ವಿಷಯ ಬರೆಯುತ್ತೇನೆಯೇ? ಕಾಲಿನ ವಿಷಯ ಬರೆದರೆ ತಪ್ಪಿಲ್ಲ. ಹಬ್ಬಹಬ್ಬಕ್ಕೂ ಮುಟ್ಟಿ ನಮಸ್ಕಾರ ಮಾಡುತ್ತಿದ್ದ ಕಾಲು ತಾನೇ!

ಅವರು ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್ಸಿನಲ್ಲಿ, ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಅಂದರೆ, ಗಣಿಯ ಆಳುಗಳು ತುಂಬಿದ ಕಬ್ಬಿಣದ ಪಂಜರವನ್ನು ಉಕ್ಕಿನ ಹಗ್ಗದಲ್ಲಿ ಪಾತಾಳಕ್ಕೆ ಇಳಿಸಿ, ಮತ್ತೆ ಮೇಲಕ್ಕೆ ಎಳೆಯುವ ಯಂತ್ರ ನಡೆಸುವವರು. ಹೊರಡುವಾಗ ಪಂಜರ ಒಂದು ಸಲ ಕುಲುಕಿದರೂ ಒಳಗಿದ್ದವರ ಜೀವ ಬಾಯಿಗೆ ಬರುತ್ತದೆ. ನಿಮ್ಮ ತಾತ ಬ್ರೇಕಿನ ಮೇಲಿಂದ ಎಡಗಾಲು ಎತ್ತಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಒಬ್ಬ ಮೇಸ್ತ್ರಿ "ಇನ್ನೂ ಯಾಕೆ ಬಿಟ್ಟಿಲ್ಲ?" ಎಂದು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಪಂಜರ ತಳ ಮುಟ್ಟಿತ್ತಂತೆ!

ಮನೆಯಲ್ಲೂ ಅದೇ ನಾಜೂಕು. ಪಾಳಿ ಮುಗಿಸಿ ಬಂದು ಅವರು ಬಾಗಿಲು ತೆರೆದರೆ ಸದ್ದೇ ಇಲ್ಲ. ನನ್ನ ಅತ್ತೆ ಎರಡು ಸಲ ಕಳ್ಳನೆಂದು ತಿಳಿದು ಮಗನಿಗೆ ಮುದ್ದೆ ಕೋಲಿನಲ್ಲಿ ಬಾರಿಸಿದ್ದಾರೆ. ಎರಡನೆಯ ಸಲ ಮಾತ್ರ ಗೊತ್ತಿದ್ದೇ ಹೊಡೆದರೇನೋ ಎಂದು ನನಗೆ ಅನುಮಾನ.

ಇಂಥ ಮನುಷ್ಯನ ಕಣ್ಣಿಗೆ ಒಂದು ಕಾರು ಬಿತ್ತು.

ಗಣಿಯ ಬಿಳಿಯ ಎಂಜಿನಿಯರ್ ಒಬ್ಬರಿದ್ದರು. ನಾವೆಲ್ಲ ದೊರೆ ಅನ್ನುತ್ತಿದ್ದೆವು. ಅವರು ಎಲ್ಲಿಂದಲೋ ಒಂದು ಕರಿಯ ಫ್ರೆಂಚ್ ಕಾರು ತರಿಸಿದ್ದರು. ಬೇರೆ ಕಾರುಗಳನ್ನು ಹಿಂದಿನ ಚಕ್ರ ತಳ್ಳಿದರೆ ಇದನ್ನು ಮುಂದಿನ ಚಕ್ರ ಎಳೆಯುತ್ತಿತ್ತು. ಗೇರಿನ ಕಡ್ಡಿಯೂ ನೆಲದಿಂದ ಬಂದಿರಲಿಲ್ಲ. ಎದುರಿನ ಹಲಗೆಯಿಂದ ಕೊಡೆಯ ಹಿಡಿಯ ಹಾಗೆ ಚಾಚಿಕೊಂಡಿತ್ತು. ಭಾನುವಾರ ಮಧ್ಯಾಹ್ನ ದೊರೆಗಳೆಲ್ಲ ವಿಮಾನ ಇಳಿಯುವ ಬಯಲಿನಲ್ಲಿ ಸೇರಿ, ಇಬ್ಬಿಬ್ಬರ ಕಾರನ್ನು ಸುಣ್ಣದ ಗೆರೆಯಲ್ಲಿ ನಿಲ್ಲಿಸಿ, ಬಾವುಟ ಬೀಸಿ, ಕಾಲು ಮೈಲಿ ಓಡಿಸುತ್ತಿದ್ದರು. ಯಾರು ಮೊದಲು ಆ ಕಡೆ ಗೆರೆ ದಾಟಿದರೋ ಅವರು ಗೆದ್ದಂತೆ. ದೊಡ್ಡವರ ಮಕ್ಕಳಾಟ!

ಫ್ರೆಂಚ್ ಕಾರು ಪ್ರತಿ ಸಲವೂ ಸೋಲುತ್ತಿತ್ತು. ದೊರೆಯ ಡ್ರೈವರ್ ತಲೆಯ ಮೇಲೆ ಚಿನ್ನದ ಪಟ್ಟಿಯ ಟೋಪಿ ಇಡುತ್ತಿದ್ದ. ಟೋಪಿ ಡ್ರೈವರ್ ಎಂದೇ ಅವನಿಗೆ ಹೆಸರು. ಬಾವುಟ ಬೀಸಿದ ತಕ್ಷಣ ಅವನು ಕ್ಲಚ್ಚಿನಿಂದ ಕಾಲನ್ನು ಚೇಳು ಕಚ್ಚಿದವನಂತೆ ಎತ್ತುತ್ತಿದ್ದ. ಮುಂದಿನ ಚಕ್ರಗಳು ಇದ್ದಲ್ಲೇ ಗಿರಗಿರ ಸುತ್ತಿ ಧೂಳೆಬ್ಬಿಸುತ್ತಿದ್ದವು. ಧೂಳು ಇಳಿಯುವಷ್ಟರಲ್ಲಿ ಪಕ್ಕದ ಕಾರಿನವರು ಗೆರೆ ದಾಟಿ ಟೀ ಕುಡಿಯುತ್ತಿದ್ದರು.

ಒಂದು ಭಾನುವಾರ ಇದನ್ನು ನೋಡಿ ನಿಮ್ಮ ತಾತ ಗಟ್ಟಿಯಾಗಿ ನಕ್ಕುಬಿಟ್ಟರು. ದೊರೆಗೂ ಕೇಳಿಸಿತು.

"ಏನಯ್ಯಾ ನಗ್ತೀಯಾ? ಬಂದು ನೀನೇ ಓಡ್ಸು!" ಅಂದ ಟೋಪಿ.

"ಓಡಿಸ್ತೀನಿ. ಸೋತರೆ ಈ ಮೀಸೆ ಬೋಳಿಸಿ ನಿನ್ನ ಕೈಗೆ ಕೊಡ್ತೀನಿ. ಗೆದ್ದರೆ ನಿನ್ನ ಟೋಪಿ ನನ್ಗೆ!"

ದೊರೆಗೆ ಇದು ಬಲು ಇಷ್ಟವಾಯಿತು. ಗೆದ್ದರೆ ತಾವೇನು ಕೊಡಬೇಕು ಎಂದು ಗಣಿಯ ಆಳುಗಳಿಂದ ಕಲಿತ ತಮ್ಮ ಮುರುಕು ತಮಿಳಿನಲ್ಲಿ ಕೇಳಿದರು. ಇವರು ದುಡ್ಡು ಕೇಳಲಿಲ್ಲ, ಬಡ್ತಿ ಕೇಳಲಿಲ್ಲ. "ಒಂದು ದಿನ ಕಾರು ಕೊಡಿ. ಯಾವ ದಿನ ಅಂತ ಆಮೇಲೆ ಹೇಳ್ತೀನಿ" ಅಂದರು.

ಮನೆಗೆ ಬಂದಾಗ ನಾನು ಕೇಳಿದೆ, ಒಂದು ದಿನಕ್ಕೆ ಕಾರು ಯಾತಕ್ಕೆ ಎಂದು. "ನಿಮ್ಮಪ್ಪನ ಮನೆ ಮುಂದೆ ಮೆರವಣಿಗೆ ಓಗಾಕೆ ಕಣೇ" ಅಂದರು. ನಾನು ನಂಬಿದೆ. ಅಂಥ ಮೀಸೆ ಇದ್ದವರು ಮೆರವಣಿಗೆ ಹೋಗದೆ ಇರುತ್ತಾರೆಯೇ?

ಆಮೇಲೆ ಶುರುವಾಯಿತು ನೋಡಿ ನಮ್ಮ ಮನೆಯಲ್ಲಿ ಚೊಂಬಿನ ಪಾಠ! ಲಾರಿ ಓಡಿಸಿ ಗೊತ್ತಿತ್ತು, ಆದರೆ ಅಭ್ಯಾಸಕ್ಕೆ ದೊರೆಯ ಕಾರು ಸಿಗಬೇಕಲ್ಲ. ವರ್ಕ್‌ಶಾಪಿನಿಂದ ಹಳೆಯ ಸ್ಪ್ರಿಂಗು ತಂದು ಅದರ ಮೇಲೆ ಹಲಗೆ ಕೂರಿಸಿದರು. ಹಲಗೆಯ ಒಂದು ತುದಿಯಲ್ಲಿ ಎಡಗಾಲು, ಇನ್ನೊಂದು ತುದಿಯಲ್ಲಿ ಕಂಠಮಟ್ಟ ನೀರು ತುಂಬಿದ ನನ್ನ ತವರಿನ ಹಿತ್ತಾಳೆ ಚೊಂಬು. ಕಾಲು ಒತ್ತಬೇಕು, ಬಿಡಬೇಕು, ಹನಿ ಚೆಲ್ಲಬಾರದು. ಮೊದಲ ವಾರ ನಮ್ಮ ನೆಲ ಒಣಗಲೇ ಇಲ್ಲ.

ಅತ್ತೆಗೆ ತಡೆಯಲಾಗಲಿಲ್ಲ. "ಲೇ, ಮೂರು ತಲೆಮಾರು ನೇಗ್ಲು ಇಡ್ದಿದ್ ವಂಶ ಕಣ್ಲಾ ನಮ್ದು! ನೀನ್ಯಾಕ್ಲಾ ಚೊಂಬು ಕುಣಿಸ್ತಾ ಕುಂತಿದೀಯಾ?"

"ಅಮ್ಮಾ, ಕ್ಲಚ್ಚು ಪೂರ್ತಿ ಬಿಟ್ರೆ ಚಕ್ರ ಸುಮ್ನೆ ಸುತ್ತತೆ. ಬಿಡದೇ ಇದ್ರೆ ಕಾರು ಕದಲಾಕಿಲ್ಲ. ನಡುವೆ ಒಂದು ಜಾಗ ಐತೆ, ಎಂಜಿನ್ನು ಚಕ್ರಾನ ಮೆತ್ತಗೆ ಕಚ್ಕಂತದೆ. ಕಾಲು ಅಲ್ಲಿ ಒಂದು ಗಳಿಗೆ ನಿಲ್ಬೇಕು, ಆಮ್ಯಾಕೆ ಬಿಡ್ಬೇಕು."

"ಎಂಡ್ತಿ ಬಸುರಿ. ಅವ್ಳ ಕಾಲು ಒತ್ತೋದು ಬಿಟ್ಟು ಅಲಗೆ ಒತ್ತಾವ್ನೆ!" ಎಂದು ಅತ್ತೆ ನೆಲ ಒರೆಸಿದರು. ಹೌದು, ನನಗೆ ಆಗ ಐದು ತಿಂಗಳು.

ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಟೋಪಿ ಡ್ರೈವರ್ ನಮ್ಮ ಮನೆಗೆ ಬಂದ. ಮೀಸೆಗೆ ಅಳತೆ ತೆಗೆದುಕೊಳ್ಳಲು ಬಂದವನ ಹಾಗೆ ನಗುತ್ತಾ ಒಂದು ಬುದ್ಧಿಮಾತನ್ನೂ ಹೇಳಿದ. ಕೆಸರಿನಲ್ಲಿ ಲಾರಿ ಜಾರಿದರೆ ಹಿಂದೆ ಕಲ್ಲು ಹೇರುತ್ತಾರಲ್ಲ, ಹಾಗೆ ಹಿಂದಿನ ಸೀಟಿನಲ್ಲಿ ನಾಲ್ಕು ಮೂಟೆ ಮರಳು ಹಾಕಬೇಕಂತೆ. ನಿಮ್ಮ ತಾತ ಯೋಚಿಸುತ್ತಾ ಹೌದೆನ್ನುವಂತೆ ತಲೆಯಾಡಿಸತೊಡಗಿದರು.

ಪರಗಂಡಸರ ಮುಂದೆ ಮಾತಾಡಿದವಳೇ ಅಲ್ಲ ನಾನು. ಅವತ್ತು ಬಾಗಿಲ ಮರೆಯಿಂದ ಅದು ಹೇಗೋ ಬಾಯಿಂದ ಬಂದುಬಿಟ್ಟಿತು: "ಇಂದುಗಡೆ ಭಾರ ಆದ್ರೆ ಗಾಡಿ ನೊಗ ಮ್ಯಾಕೆ ಏಳ್ತದೆ. ಎತ್ತಿನ ಕಾಲು ನೆಲ ಕಚ್ಚಾಕಿಲ್ಲ. ಎಳೆಯೋವು ಮುಂದೆ ಇದ್ರೆ ಭಾರಾನೂ ಮುಂದೇನೇ ಇರ್ಬೇಕಲ್ವಾ?"

ಟೋಪಿ ಬಾಗಿಲ ಕಡೆ ನೋಡಿ, "ಒಳಗೆ ಯಾರಪ್ಪಾ ಇಂಜಿನಿಯರ್ರು?" ಅಂದ.

"ನಮ್ಮ ಮನೆಯೋರು. ಅವ್ರಪ್ಪನ ಅಟ್ಟೀಲಿ ಎಲ್ಡು ಜೊತೆ ಎತ್ತವೆ" ಎಂದು ನಿಮ್ಮ ತಾತ ಮೀಸೆ ತಿರುವಿದರು. ನಾನು ಒಲೆಯ ಹಿಂದೆ ಅಡಗಿಕೊಂಡು ಅವನು ಹೋಗುವವರೆಗೂ ಹೊರಗೆ ಬರಲಿಲ್ಲ.

ಭಾನುವಾರ ಬಂತು. ಚಾಂಪಿಯನ್ ರೀಫ್ಸಿನ ಲೈನುಗಳು, ಅಂದರೆ ನಾವಿದ್ದ ಗಣಿಯವರ ಮನೆಸಾಲುಗಳು, ಅರ್ಧ ಖಾಲಿ! ಅತ್ತೆಯ ಬೆನ್ನಿಗೆ ಅಂಟಿಕೊಂಡು ನಾನೂ ಹೋದೆ. ಗಾಳಿ ಬೀಸುತ್ತಿತ್ತು. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿಯುವ ಸೈನೈಡ್ ದಿಬ್ಬದ ನುಣ್ಣನೆಯ ಮರಳು ಹಾರಿ ಬಂದು ಬಯಲಿನ ಮೇಲೆ ಹಿಟ್ಟು ಉದುರಿಸಿದಂತೆ ಕೂತಿತ್ತು. ನಿಮ್ಮ ತಾತ ಬಂದರು. ಕಂಕುಳಲ್ಲಿ ನನ್ನ ಪೊರಕೆ!

ಅಷ್ಟು ಜನರ ಎದುರಿಗೆ ಪಂಚೆ ಎತ್ತಿ ಕಟ್ಟಿ, ಮುಂದಿನ ಎರಡು ಚಕ್ರಗಳ ಮುಂದೆ ಎರಡು ಪಟ್ಟಿಯಾಗಿ ಬಯಲನ್ನು ಗುಡಿಸಿದರು. ಬೆಳಿಗ್ಗೆ ನಾನು ಹೊಸಿಲ ಮುಂದೆ ಗುಡಿಸುವುದಕ್ಕಿಂತ ಚೊಕ್ಕಟ. "ರಂಗೋಲೀನೂ ಇಕ್ಕಪ್ಪಾ!" ಎಂದು ಟೋಪಿ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಇವರು ಹಿಂದಿನ ಸೀಟು ಕಿತ್ತು ಕೆಳಗಿಟ್ಟರು. ಮುಂದೆ ತಮ್ಮ ಪಕ್ಕದಲ್ಲಿ ಕಾಲಿಡುವ ಕಡೆ ಎರಡು ರಾಗಿ ಮೂಟೆ ತುರುಕಿದರು. ಸೀಟಿನ ಮೇಲೆ ತುಂಬಿದ ಚೊಂಬು ಕೂರಿಸಿದರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿ ಕೂತರು.

ಪಕ್ಕದ ಗೆರೆಯಲ್ಲಿ ಇನ್ನೊಬ್ಬ ದೊರೆಯ ದೊಡ್ಡ ಕಾರು, ನಮ್ಮದರ ಒಂದೂವರೆ ಪಾಲು ಇತ್ತು, ಕೋಣದಂತೆ ಗುಟುರು ಹಾಕುತ್ತಿತ್ತು. ನಮ್ಮದರ ಸದ್ದೇ ಇಲ್ಲ.

ಬಾವುಟ ಇಳಿಯಿತು. ದೊಡ್ಡ ಕಾರು ಅಬ್ಬರಿಸಿ, ಸೊಟ್ಟಗೆ ಒಮ್ಮೆ ಹೊರಳಿ, ಧೂಳೆಬ್ಬಿಸಿತು.

"ಓಯ್ತು ಮೀಸೆ!" ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು.

ಅವರು ಕಣ್ಣು ಬಿಡುವಷ್ಟರಲ್ಲಿ ನಮ್ಮ ಕಾರು ಗೆರೆಯ ಮೇಲೆ ಇರಲೇ ಇಲ್ಲ! ಬಿಸಿ ಮುದ್ದೆಯ ಮೇಲಿಂದ ತುಪ್ಪ ಜಾರಿದಂತೆ ಜಾರಿ ಎರಡು ಕಾರಿನುದ್ದ ಮುಂದಿತ್ತು. ಚಕ್ರ ಸುತ್ತಲಿಲ್ಲ, ಧೂಳೇಳಲಿಲ್ಲ. ಆದರೆ ಅರ್ಧ ದಾರಿ ಕಳೆದ ಮೇಲೆ ದೊಡ್ಡ ಕಾರಿಗೆ ವೇಗ ಬಂತು. ಎರಡು ಕಾರಿನುದ್ದ ಒಂದಾಯಿತು, ಒಂದು ಅರ್ಧವಾಯಿತು. ನಾನು ಅತ್ತೆಯ ತೋಳು ಹಿಡಿದು ಕಿರುಚುತ್ತಿದ್ದೆನಂತೆ. ನಾನು! ಕೂಗಿ ಕರೆದರೂ ಕೇಳದಷ್ಟು ಮೆತ್ತಗೆ ಮಾತಾಡುವವಳು! ಕಾರಿನ ಮುಂದಿನ ದೀಪದ ಗಾಜಿನಷ್ಟು ಅಂತರದಲ್ಲಿ ಫ್ರೆಂಚ್ ಕಾರು ಗೆರೆ ದಾಟಿತು.

ದೊರೆ ತಮ್ಮ ಹ್ಯಾಟನ್ನು ಆಕಾಶಕ್ಕೆ ಎಸೆದರು. ಜನ ಓಡಿದರು. ನಿಮ್ಮ ತಾತ ಕಾರಿನಿಂದ ಇಳಿದರೆ ಪಂಚೆಯೆಲ್ಲ ಒದ್ದೆ! ಹೊರಡುವಾಗ ಹನಿ ಚೆಲ್ಲದ ಚೊಂಬು, ಗೆದ್ದ ಖುಷಿಯಲ್ಲಿ ಬ್ರೇಕು ತುಳಿದಾಗ ಪೂರ್ತಿ ಮಗುಚಿತ್ತು. ಬ್ರೇಕು ತುಳಿದದ್ದು ಬಲಗಾಲು. ಬುದ್ಧಿ ಇದ್ದದ್ದು ಎಡಗಾಲಲ್ಲಿ ಎಂದು ನಾನು ಮೊದಲೇ ಹೇಳಲಿಲ್ಲವೇ?

ಟೋಪಿ ಮನೆಗೆ ಬಂತು. ಅತ್ತೆ ಅದರಲ್ಲಿ ಕೋಳಿಮೊಟ್ಟೆ ಇಡುತ್ತಿದ್ದರು. ಚಿನ್ನದ ಪಟ್ಟಿಯ ಒಳಗೆ ಮಲಗಿದ ಮೊಟ್ಟೆಗಳು ಇಡೀ ಕೋಲಾರ ಜಿಲ್ಲೆಯಲ್ಲಿ ನಮ್ಮವೇ.

ಆದರೆ ಕಾರು ಮಾತ್ರ ಬರಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ನಿಮ್ಮ ತಾತ ಕೇಳಲೇ ಇಲ್ಲ. "ಮೆರವಣಿಗೆ ಯಾವಾಗಲೋ?" ಎಂದು ಲೈನಿನವರು ಚುಚ್ಚಿದರೆ, "ದಿನ ಬರ್ಲಿ" ಅನ್ನುವರು. ಅಷ್ಟರಲ್ಲಿ ನಾನು ಹೆರಿಗೆಗೆಂದು ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಗೆ ಹೋದೆ. ಅದು ನಮ್ಮಲ್ಲಿ ತಪ್ಪಿಸುವಂತಿರಲಿಲ್ಲ.

ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಹಟ್ಟಿಯ ಮುಂದೆ ಕರಿಯ ಕಾರು ನಿಂತಿತ್ತು. ಯಾವಾಗ ಬಂತೋ ನಾಯಿಗಳಿಗೂ ತಿಳಿದಿರಲಿಲ್ಲ. "ಏಳು, ಓಗಾನ. ನೋವು ಬರೋಕ್ ಮುಂಚೆ ಕರ್ಕೊಂಬಾ ಅಂದವ್ರೆ ಗಣಿ ಆಸ್ಪತ್ರೆ ಡಾಕ್ಟರಮ್ಮ, ಕುಲುಕದೇ ಕರ್ಕೊಂಬಾ ಅಂದವ್ರೆ" ಎಂದರು.

ಮಕ್ಕಳೇ, ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಅದಕ್ಕೆ ಮೊದಲು ಎರಡು ಸಲ, ನೋವು ಬಂದ ಮೇಲೆ ನನ್ನನ್ನು ಎತ್ತಿನ ಗಾಡಿಯಲ್ಲಿ ಆ ಕಲ್ಲುದಾರಿಯಲ್ಲಿ ಸ್ಟೇಷನ್ನಿಗೆ ಕರೆತಂದು ರೈಲು ಹತ್ತಿಸಿದ್ದರು. ಎರಡು ಸಲವೂ ಬರಿ ಮಡಿಲಲ್ಲಿ ವಾಪಸ್ಸು ಬಂದಿದ್ದೆ. ಆ ವಿಷಯ ನಿಮ್ಮ ತಾತ ಒಂದು ಮಾತೂ ಆಡಿರಲಿಲ್ಲ. ಮರೆತಿದ್ದಾರೆ ಎಂದುಕೊಂಡಿದ್ದೆ.

ನನ್ನನ್ನು ಹಿಂದೆ ಕೂರಿಸಿ, ಕೈಗೆ ಅದೇ ಚೊಂಬು ತುಂಬಿಸಿ ಕೊಟ್ಟರು. ಎಷ್ಟು ನಿಧಾನ ಅಂತೀರಿ! ಸೈಕಲ್ಲಿನವನು ದಾಟಿದ, ಎಮ್ಮೆಯೊಂದು ದಾಟಿತು. ಕಟ್ಟಿಗೆ ಹೊತ್ತ ಅಜ್ಜಿಯೊಬ್ಬಳು ದಾಟಿ, ತಿರುಗಿ ನೋಡಿ ನಕ್ಕಳು.

"ಅವತ್ತು ಗೆದ್ದೋರು ನೀವೇನಾ?" ಅಂದೆ.

ಅವರು ದಾರಿಯಿಂದ ಕಣ್ಣು ತೆಗೆಯಲಿಲ್ಲ. "ಅವತ್ತು ಕಾರ್ನಾಗೆ ನೀನಿರ್ನಿಲ್ವಲ್ಲೇ."

ಆಸ್ಪತ್ರೆ ಮುಟ್ಟಿದಾಗ ನನ್ನ ಸೀರೆಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಮೂರನೆಯ ದಿನ ನಿಮ್ಮಪ್ಪ ಹುಟ್ಟಿದ. ಲೈನಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಅತ್ತ. ಅತ್ತೆ ಮಗುವನ್ನು ಹೊರಗೆ ಒಯ್ದು, "ಎದ್ ನಿಂತ್ಕಂಡು ಇಡ್ಕಳ್ಳಾ ನಿನ್ ಮಗನ್ನ!" ಅಂದರಂತೆ. ನಿಮ್ಮ ತಾತ ಬೆಂಚಿನಿಂದ ಏಳಲು ನೋಡಿದರಂತೆ, ಆಗಲಿಲ್ಲವಂತೆ. ಅಷ್ಟು ವರ್ಷ ಅಷ್ಟು ಜನರನ್ನು ಪಾತಾಳಕ್ಕೆ ಇಳಿಸಿ ಮೇಲಕ್ಕೆ ತಂದ ಆ ಎಡಗಾಲು ಗಡಗಡ ನಡುಗುತ್ತಿತ್ತಂತೆ.